ಒಂಬತ್ತನೇ ಸಾಲಿನಲ್ಲಿ ಕೂತು ಕೇಳಿದ್ದು

ತುಮಕೂರು
ಬುಧವಾರ ರಾತ್ರಿ

ಚಿ. ಚೈತ್ರಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ದೊಡ್ಡಮ್ಮನ ಮಂಡಿ ನೋವು ಹಾಗೇ ಇದೆ, ಬೈಗುಳವೂ ಹಾಗೇ ಇದೆ.

ಸೋಮವಾರ ಬೆಳಿಗ್ಗೆ ನೀನು ಕಳಿಸಿದ ಮೆಸೇಜನ್ನು ಮೂರು ಸಲ ಓದಿದೆ. "ದೊಡ್ಡಪ್ಪ, ಇನ್ನು ನಮ್ಮೂರಲ್ಲಿ ನುಡಿಸಲ್ಲ. ಅಲ್ಲಿನವರಿಗೆ ಕೇಳೋಕೇ ಬರಲ್ಲ" ಅಂತ ಬರೆದಿದ್ದೀಯ. ಫೋನ್ ಮಾಡೋಣ ಅಂದುಕೊಂಡೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕ್ತೀಯ, ನನಗೆ ಸಿಟ್ಟು ಬರುತ್ತೆ. ಅದಕ್ಕೇ ಕಾಗದ. ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು ನಾನು (ಇದು ನಿನ್ನ ದೊಡ್ಡಮ್ಮನ ಮಂಡಿಯಲ್ಲ, ಬೇರೆ). ಕೈಯಲ್ಲಿ ಪೆನ್ನು ಇದ್ದರೇನೇ ನನ್ನ ತಲೆ ಓಡೋದು.

ನಿಮ್ಮ ಜಾಝ್ ತಂಡದ ಕಚೇರಿಯನ್ನು ನೀನು ಟ್ರಂಪೆಟ್ ಹಿಡಿದು ವೇದಿಕೆ ಮೇಲಿಂದ ನೋಡಿದೆ. ನಾನು ಒಂಬತ್ತನೇ ಸಾಲಿನಲ್ಲಿ, ಗೋಡೆ ಪಕ್ಕ ಕೂತು ನೋಡಿದೆ. ಮೇಲೆ ನಿಂತವರಿಗೆ ಲೈಟು ಕಣ್ಣಿಗೆ ಹೊಡೆಯುತ್ತೆ. ಮೊದಲ ಎರಡು ಸಾಲು ಬಿಟ್ಟರೆ ಏನೂ ಕಾಣಲ್ಲ. ನಮ್ಮೂರ ಫಂಕ್ಷನ್ನುಗಳಲ್ಲಿ ಆ ಎರಡು ಸಾಲಿನಲ್ಲಿ ಯಾರು ಕೂರ್ತಾರೆ ಅಂತ ನಿನಗೇ ಗೊತ್ತು. ಹಾರ ಹಾಕಿಸಿಕೊಳ್ಳೋರು, ಅವರ ಜೊತೆ ಬಂದೋರು. ಅವರನ್ನು ನೋಡಿ ಇಡೀ ತುಮಕೂರನ್ನೇ ಅಳೆದುಬಿಟ್ಟೆಯಲ್ಲ ಮಗಳೇ.

ಆರೂವರೆಗೆ ಅಂತ ಹೇಳಿ ಏಳು ಗಂಟೆಗೆ ಶುರು ಮಾಡಿದಿರಿ. ಅದನ್ನು ಬಿಡು, ಮೈಕ್‌ನವನು ಕೈ ಕೊಟ್ಟ. ಆಮೇಲೆ ಪಿಯಾನೋ ಹುಡುಗ ಒಂದು ಸ್ವರ ಹಿಡಿದ, ನೀನು ಊದಿ ನೋಡಿದೆ, ಬೇಸ್‌ನವನು ತಂತಿ ಬಿಗಿ ಮಾಡಿದ. ನನ್ನ ಮುಂದಿದ್ದ ಗಂಡ ಹೆಂಡತಿ ಮಾತಾಡಿಕೊಂಡರು. "ಶುರುವಾಯ್ತೇನ್ರೀ?" "ಇಲ್ಲ ಕಣೆ, ಶ್ರುತಿ ಮಾಡ್ಕೊಳ್ತಿದಾರೆ." ಐದು ನಿಮಿಷ ಬಿಟ್ಟು ಆಕೆ ಮತ್ತೆ ಕೇಳಿದಳು. ಆತ ಮತ್ತೆ ಅದೇ ಹೇಳಿದ. ಆ ಹೊತ್ತಿಗೆ ನೀವು ಮೊದಲನೇ ಹಾಡಿನ ನಟ್ಟನಡುವೆ ಇದ್ದಿರಿ!

ನನಗೆ ನಗು ಬಂತು. ಆಮೇಲೆ ಬೇಜಾರೂ ಆಯ್ತು. ಯಾಕೆ ಅಂದ್ರೆ ನನಗೂ ಒಂದು ಸಲ ಹೀಗೇ ಆಗಿತ್ತು. ನಿನಗೆ ಯಾವತ್ತೂ ಹೇಳಿರಲಿಲ್ಲ.

ಈಗ ನಿನ್ನ ಹತ್ತಿರ ಇರೋ ಹಳೇ ಟ್ರಂಪೆಟ್ ಊದಿಕೊಂಡು ನಾನು ಬ್ಯಾಂಡ್‌ಸೆಟ್ಟಿನಲ್ಲಿ ಮದುವೆ ಮೆರವಣಿಗೆಗಳಿಗೆ ಹೋಗ್ತಿದ್ದೆ. ಕೆಂಪು ಕೋಟು, ಜರಿ ಪಟ್ಟಿ, ತಲೆ ಮೇಲೆ ಗ್ಯಾಸ್‌ಲೈಟ್ ಹೊತ್ತವರ ಸಾಲು. ಹಗಲೆಲ್ಲ ಮಂಡಿ, ರಾತ್ರಿ ಬ್ಯಾಂಡು. ಬ್ಯಾಂಡ್ ಇಲ್ಲದ ರಾತ್ರಿ ರೇಡಿಯೋ. ಶಾರ್ಟ್‌ವೇವ್‌ನಲ್ಲಿ ವಾಯ್ಸ್ ಆಫ್ ಅಮೆರಿಕಾ ಹಿಡಿದರೆ ಜಾಝ್ ಬರ್ತಿತ್ತು. ವಿಲ್ಲಿಸ್ ಕೊನೋವರ್ ಅಂತ ಒಬ್ಬರು ನಡೆಸಿಕೊಡ್ತಿದ್ರು. ಇಂಗ್ಲಿಷ್ ಸರಿಯಾಗಿ ಬಾರದವರಿಗೂ ತಿಳಿಯಲಿ ಅಂತ ಬಿಡಿಸಿ ಬಿಡಿಸಿ ಮಾತಾಡೋರು. ಅಲೆ ಬಂದ ಹಾಗೆ ಸದ್ದು ಬರೋದು, ಹೋಗೋದು. ಆ ಗೊರಗೊರದ ನಡುವೆ ಲೂಯಿ ಆರ್ಮ್‌ಸ್ಟ್ರಾಂಗ್ 1928ರಲ್ಲಿ ರೆಕಾರ್ಡ್ ಮಾಡಿದ 'ವೆಸ್ಟ್ ಎಂಡ್ ಬ್ಲೂಸ್' ಕೇಳಿದೆ. ಶುರುವಿನಲ್ಲಿ ಡೋಲಿಲ್ಲ, ಪಿಯಾನೋ ಇಲ್ಲ, ಟ್ರಂಪೆಟ್ ಒಂದೇ ಹನ್ನೆರಡು ಹದಿಮೂರು ಸೆಕೆಂಡು ಮೇಲೆ ಹತ್ತಿ ಕೆಳಗೆ ಇಳಿಯುತ್ತಲ್ಲ, ಅದು. ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂ ಹಾಗೆ ಊದಬೇಕು ಅಂತ ಹುಚ್ಚು ಹಿಡಿಯಿತು.

ಆ ಹುಚ್ಚು ಗುಬ್ಬಿ ಕಡೆ ಒಂದು ಹಳ್ಳಿಯ ಮೆರವಣಿಗೆಯಲ್ಲಿ ಹೊರಗೆ ಬಂತು. ಹುಡುಗರು ಕುಣೀತಿದ್ರು. ಸಿನಿಮಾ ಹಾಡಿನ ಪಲ್ಲವಿ ಮುಗಿಸಿದವನೇ ನನ್ನ ಪಾಡಿಗೆ ಎಲ್ಲೆಲ್ಲಿಗೋ ಹೋದೆ. ನನಗೆ ಸ್ವರ್ಗ. ಒಂದು ನಿಮಿಷಕ್ಕೆ ಕುಣಿಯೋ ಕಾಲುಗಳು ನಿಂತವು. ಬೆವರು ಒರೆಸಿಕೊಳ್ತಾ ಒಬ್ಬ ಹುಡುಗ ನನ್ನ ಮುಖಕ್ಕೇ ಬಂದು ಕೇಳಿದ: "ಸಾರ್, ಹಾಡು ಎಲ್ಲೋಯ್ತು?"

ನನಗೆ ಎಷ್ಟು ಅವಮಾನ ಆಯ್ತು ಗೊತ್ತಾ? ಇವರಿಗೇನು ಗೊತ್ತು, ಕಾಡು ಜನ ಅಂತ ಮನಸ್ಸಲ್ಲೇ ಬೈದುಕೊಂಡೆ. ಥೇಟ್ ನಿನ್ನ ಮೆಸೇಜಿನ ಹಾಗೆ. ಸಿಟ್ಟಿಗೆ ತುಟಿ ಬಿಗಿಯಾಯ್ತು, ಮುಂದಿನ ಹಾಡಿನಲ್ಲಿ ಮೇಲಿನ ಸ್ವರ ಒಡೆದುಹೋಯ್ತು. ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ನಮ್ಮ ಮಾಸ್ಟರ್ ಬೈಲಿಲ್ಲ. ಬನ್ನು ಅದ್ದಿಕೊಂಡು ತಿಂತಾ ಹೇಳಿದ್ರು: "ಹಾಡು ನಿನ್ನ ತಲೇಲಿತ್ತು ಕಣಯ್ಯ. ಅವರ ಕಾಲಿಗೆ ಹೇಗೆ ಗೊತ್ತಾಗಬೇಕು?"

ನಿನ್ನ ಮೊದಲನೇ ಹಾಡಿಗೂ ಇದೇ ಆಗಿದ್ದು. 12 ಬಾರ್‌ಗಳ ಬ್ಲೂಸು ಅಂತ ನನಗೆ ಗೊತ್ತಾಯ್ತು, ಯಾಕೆ ಅಂದ್ರೆ ನಾಲ್ಕೆಣಿಕೆಗೆ ಒಂದು ಬಾರ್ ಅಂತ ನೀನೇ ಹೇಳಿಕೊಟ್ಟಿದ್ದೆ. ಆ ಗಂಡ ಹೆಂಡತಿಗೆ ಯಾರು ಹೇಳಬೇಕು? ಆದಿತಾಳದ 8 ಅಕ್ಷರವನ್ನು ತೊಡೆ ಮೇಲೆ ಬೆರಳು ಮಡಿಸಿ ಎಣಿಸೋ ಜನ ಇವರು. ನಾಲ್ಕು ನಾಲ್ಕರ ಎಣಿಕೆ ಹನ್ನೆರಡು ಸಲ, ಆಮೇಲೆ ಮತ್ತೆ ಮೊದಲಿಗೆ ಬರ್ತೀವಿ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು. (ಬಾರ್ ಅನ್ನಬೇಡ, ಅವರು ಬೇರೆ ಅರ್ಥ ಮಾಡಿಕೊಂಡಾರು.) ಮೊದಲು ಹಾಡನ್ನು ಸೀದಾ ಎರಡು ಸಲ ನುಡಿಸು. ಅದು ಕಿವಿಯಲ್ಲಿ ಕೂರಲಿ. ಆಮೇಲೆ ಎಲ್ಲಿಗೆ ಬೇಕಾದರೂ ಹೋಗು. ನಮ್ಮ ಕಚೇರಿಯಲ್ಲಿ ಪಲ್ಲವಿಯ ಒಂದೇ ಸಾಲನ್ನು ಇಟ್ಟುಕೊಂಡು ನೆರವಲ್ ಮಾಡ್ತಾರಲ್ಲ, ಅಂದ್ರೆ ಅದನ್ನೇ ಬಗೆಬಗೆಯಾಗಿ ಹಾಡ್ತಾರಲ್ಲ, ಸ್ವರ ಹಾಕಿ ತಿರುಗಾ ಆ ಸಾಲಿಗೇ ಬಂದು ಬೀಳ್ತಾರಲ್ಲ, ಆಗ ಜನ ತಲೆ ಆಡಿಸ್ತಾರೆ. ಬರ್ತಾರೆ ಬರ್ತಾರೆ ಅಂತ ಕಾದಿರ್ತಾರೆ, ಅದಕ್ಕೆ. ಎಲ್ಲಿಗೆ ಬರಬೇಕು ಅಂತಲೇ ಗೊತ್ತಿಲ್ಲದವನು ಏನನ್ನು ಕಾಯ್ತಾನೆ?

ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಜನರಿಗೆ ಬೆನ್ನು ಹಾಕಿ ನುಡಿಸ್ತಿದ್ದ ಅಂತ ನೀನು ವಾದಕ್ಕೆ ಬರ್ತೀಯ, ಗೊತ್ತು. ಅವನು ತಿರುಗುತ್ತಿದ್ದದ್ದು ತಂಡದವರ ಕಡೆ. ನಮ್ಮಲ್ಲೂ ಹಾಡೋರು ಮೃದಂಗದವರ ಕಡೆ ತಿರುಗಲ್ವಾ? ನೀನು ತಿರುಗಿದ್ದು ನೀರು ಕುಡಿಯೋಕೆ, ಇನ್ನೊಂದು ಸಲ ಫೋನು ನೋಡೋಕೆ. ಅದರಲ್ಲಿ ಹಾಡಿನ ನೋಟ್ಸ್ ಇತ್ತು ಅಂತ ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ.

ಇನ್ನು ಆ ನಗುವಿನ ವಿಷಯ. ಅದು ನಿನ್ನನ್ನು ಜಾಸ್ತಿ ಚುಚ್ಚಿದೆ ಅಂತ ಕಾಣುತ್ತೆ. ಮೂರನೇ ಹಾಡಿಗೆ ನೀನು ಬಗ್ಗಿ ಚೀಲದಿಂದ ಆ ರಬ್ಬರ್ ಬಟ್ಟಲು ತೆಗೆದೆ. ಸಿಂಕು ಕಟ್ಟಿಕೊಂಡಾಗ ಒತ್ತುತ್ತಾರಲ್ಲ, ಅದೇ, ಹಿಡಿ ಮಾತ್ರ ಇರಲಿಲ್ಲ. ಇಡೀ ಹಾಲು ನಕ್ಕಿತು. ಯಾರೋ "ಪ್ಲಂಬರ್ ಬಂದ್ಲು" ಅಂದ್ರು. ನಿನ್ನ ಮುಖ ಕೆಂಪಗಾಗಿದ್ದು ಒಂಬತ್ತನೇ ಸಾಲಿಗೂ ಕಾಣಿಸಿತು. ನಗದೆ ಇನ್ನೇನು ಮಾಡ್ತಾರೆ ಮಗಳೇ? ಬಚ್ಚಲುಮನೆ ಸಾಮಾನು ತಂದು ವೇದಿಕೆ ಮೇಲೆ ತೋರಿಸಿದರೆ ನಾನೂ ನಗ್ತೀನಿ. 1920ರ ದಶಕದಲ್ಲಿ ಅಮೆರಿಕದ ಡ್ಯೂಕ್ ಎಲಿಂಗ್‌ಟನ್ ಜಾಝ್ ತಂಡದಲ್ಲಿ ಬಬ್ಬರ್ ಮೈಲಿ ಇದೇ ಪ್ಲಂಜರ್ ಹಿಡಿದು ಟ್ರಂಪೆಟ್ಟನ್ನು ಗುರ್ ಅನ್ನಿಸಿದ, ಅಳಿಸಿದ. ಅವನನ್ನು ಮೊದಲ ಸಲ ನೋಡಿದವರೂ ನಕ್ಕೇ ಇರಬೇಕು.

ನೀನು ನೋಡದೇ ಇದ್ದದ್ದು ಅದರ ನಂತರದ್ದು. ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ರು. ಮಗನ ಜೊತೆ ಸುಮ್ನೆ ಬಂದವರು. ತೊಡೆ ಮೇಲೆ ಎಲೆಅಡಿಕೆ ಚೀಲ ಬಿಚ್ಚಿಕೊಂಡು, ಎಲೆಯ ತೊಟ್ಟು ಮುರಿದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಹಚ್ಚೋಕೆ ಹೊರಟಿದ್ರು. ನೀನು ಬಟ್ಟಲನ್ನು ಮುಚ್ಚಿ ತೆರೆದು ವಾಂವ್ ಅನ್ನಿಸಿದೆ ನೋಡು, ಆ ಬೆರಳು ಅಲ್ಲೇ ನಿಂತಿತು. ಎಲೆಗೂ ಬೆರಳಿಗೂ ಒಂದು ಅಂಗುಲ ದೂರ. ಮುಚ್ಚಿದೆ, ತೆರೆದೆ, ಗುರುಗುಟ್ಟಿಸಿದೆ, ಕೇಳೋ ಹಾಗೆ ಒಂದು, ಉತ್ತರ ಕೊಡೋ ಹಾಗೆ ಇನ್ನೊಂದು. ಬೆರಳು ಇಳಿಯಲೇ ಇಲ್ಲ. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, "ಅಯ್ಯೋ, ಇದು ಮಾತಾಡ್ತದಲ್ಲಪ್ಪ" ಅಂದ್ರು. ಅಷ್ಟರಲ್ಲಿ ಬೆರಳ ಮೇಲಿನ ಸುಣ್ಣ ಒಣಗಿತ್ತು. ಒರೆಸಿಕೊಂಡು ಹೊಸದಾಗಿ ತೆಗೆದು ಹಚ್ಚಿದ್ರು. ಚಪ್ಪಾಳೆ ತಟ್ಟಲಿಲ್ಲ. ಕೈಯಲ್ಲಿ ಎಲೆ ಇತ್ತು.

ಅದೇ ಹೊತ್ತಿಗೆ ನೀನು ಇನ್ನೊಂದು ಕೆಲಸ ಮಾಡಿದೆ. ಟ್ರಂಪೆಟ್ ಕೆಳಗೆ ಹಿಡಿದು, ಕೀ ಒತ್ತಿ, ಫೂ ಅಂತ ಊದಿ ಒಳಗಿನ ನೀರನ್ನು ವೇದಿಕೆ ಮೇಲೇ ಬಿಟ್ಟೆ. ಹಿಂದಿನ ಸಾಲಿನ ಇಬ್ಬರು ಹೆಂಗಸರು "ಛೀ, ಉಗುಳ್ತಾಳೆ" ಅಂದ್ರು. ಅದು ಬಹುಪಾಲು ಉಸಿರಿನ ತೇವ, ಉಗುಳಲ್ಲ ಅಂತ ನಾನೇನೋ ಹೇಳಬಹುದಿತ್ತು. ಆದರೆ ನಮ್ಮ ಜನ ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹತ್ತೋ ಜಾಗ ಅದು. ಕಾಲ ಬಳಿ ಒಂದು ಹಳೇ ಟವೆಲ್ ಹಾಸಿಕೋ. ಖರ್ಚಿಲ್ಲದ ಕೆಲಸ.

ಫೋನು ಹೊಡೆದಾಗ ನೀನು ನಡೆದುಕೊಂಡದ್ದು ಮಾತ್ರ ನನಗೆ ಸರಿ ಕಾಣಲಿಲ್ಲ. ನಿಧಾನದ ಹಾಡು. ಎಲ್ಲ ಸದ್ದಡಗಿ ಕೂತಿದ್ರು. ಆರನೇ ಸಾಲಿನಲ್ಲಿ ಒಬ್ಬರ ಫೋನು ಹಾಡೋಕೆ ಶುರು ಮಾಡಿತು. ಯಾವ ಜೇಬಿನಲ್ಲಿದೆ ಅಂತಲೇ ಗೊತ್ತಾಗದೆ ಪಾಪ ಅವರು ಎದ್ದು ಕೂತು ಒದ್ದಾಡಿದ್ರು. ನೀನು ಟ್ರಂಪೆಟ್ ಇಳಿಸಿ ಅವರನ್ನೇ ದುರುಗುಟ್ಟಿ ನೋಡಿದೆ. ಆಮೇಲೆ ಹಾಲಿನಲ್ಲಿ ಯಾರೂ ಆರಾಮಾಗಿ ಕೇಳಲಿಲ್ಲ. ಎಲ್ಲರೂ ತಂತಮ್ಮ ಜೇಬು ಮುಟ್ಟಿ ನೋಡಿಕೊಳ್ತಿದ್ರು, ನಾನೂ ಸೇರಿ.

ಟ್ರಂಪೆಟ್‌ನ ವಿಂಟನ್ ಮಾರ್ಸಾಲಿಸ್ ಕತೆ ಹೇಳಿದವಳು ನೀನೇ ಅಲ್ವಾ? 2001ರಲ್ಲಿ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್ಬಿನಲ್ಲಿ. ಒಬ್ಬನೇ ನಿಂತು ಒಂದು ದುಃಖದ ಹಾಡು ನುಡಿಸ್ತಿದ್ದ. ಇನ್ನೇನು ಕೊನೆಯ ಎರಡು ಸ್ವರ ಬಾಕಿ, ಯಾರದೋ ಫೋನು ಪೀಂಪೀಂ ಅಂತು. ಜನ ಕಿಸಕ್ಕೆಂದರು, ಮಾತು ಶುರುವಾಯ್ತು. ಅವನು ಒಂದು ಕ್ಷಣ ಹಾಗೇ ನಿಂತ. ಆಮೇಲೆ ಆ ಫೋನಿನ ಪೀಂಪೀಂ ಅನ್ನೇ ಸ್ವರಕ್ಕೆ ಸ್ವರ ನುಡಿಸಿದ. ಮತ್ತೊಂದು ಸಲ ನುಡಿಸಿದ. ಅದನ್ನೇ ಎಳೆದ, ತಿರುಗಿಸಿದ, ಶ್ರುತಿ ಬದಲಾಯಿಸಿದ. ಮಾತಾಡ್ತಿದ್ದವರು ಒಬ್ಬೊಬ್ಬರೇ ಬಾಯಿ ಮುಚ್ಚಿದ್ರು. ಹಾಗೇ ನಿಧಾನ ಮಾಡ್ತಾ ಬಂದು, ಬಿಟ್ಟಿದ್ದ ಆ ಎರಡು ಸ್ವರಕ್ಕೇ ಬಂದು ನಿಂತ. ಈ ಕತೆ ಹೇಳುವಾಗ ನಿನ್ನ ಕಣ್ಣು ಹೊಳೀತಿತ್ತು. ಮಾರ್ಸಾಲಿಸ್ ಆಗು ಅಂತ ನಾನು ಹೇಳಲ್ಲ. ಒಂಚೂರು ನಕ್ಕು ಮುಂದಕ್ಕೆ ಹೋಗಬಹುದಿತ್ತು.

ಚಪ್ಪಾಳೆ ವಿಷಯದಲ್ಲಿ ತಪ್ಪು ನಮ್ಮವರದೇ, ಒಪ್ಪಿದೆ. ಆ ಜೋರು ಹಾಡಿಗೆ ಎಲ್ಲ ಸೇರಿ ತಟ್ಟಿದ್ದು ಭಜನೆ ಚಪ್ಪಾಳೆ. ನಾಲ್ಕರ ಎಣಿಕೆಯಲ್ಲಿ ಒಂದು, ಮೂರು. ನಿಮಗೆ ಬೇಕಾಗಿದ್ದದ್ದು ಎರಡು, ನಾಲ್ಕು. ನಿಮ್ಮ ಡ್ರಮ್ಸ್ ಹುಡುಗ ಹುಣಸೆಹಣ್ಣು ಕಚ್ಚಿದವನ ಹಾಗೆ ಮುಖ ಮಾಡಿದ. ಹ್ಯಾರಿ ಕಾನಿಕ್ ಜೂನಿಯರ್‌ಗೂ ಹೀಗೇ ಆಗಿದ್ದ ವಿಡಿಯೋ ಕಳಿಸಿದ್ದೆಯಲ್ಲ. ಪಿಯಾನೋ ನುಡಿಸ್ತಾ ನಡುವೆ ಒಂದೇ ಒಂದು ಎಣಿಕೆ ಜಾಸ್ತಿ ಸೇರಿಸಿಬಿಟ್ಟ. ಜನರ ಚಪ್ಪಾಳೆ ತಾನಾಗಿ ಎರಡು ನಾಲ್ಕಕ್ಕೆ ಬಂದು ಕೂತಿತು. ತಟ್ಟುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ, ಹಿಂದೆ ಡ್ರಮ್ಸ್‌ನವನು ಖುಷಿಗೆ ಕೈ ಮೇಲೆತ್ತಿದ. ಆ ಹುಡುಗನಿಗೆ ಅದನ್ನು ತೋರಿಸು.

ಹಾಡಿನ ನಡುವೆ ನೀನೊಬ್ಬಳೇ ನುಡಿಸೋ ಸೋಲೋ ಮುಗಿಸಿದಾಗ ಯಾರೂ ತಟ್ಟಲಿಲ್ಲ ಅಂತಲೂ ಬರೆದಿದ್ದೀಯ. ಹಾಡು ಮುಗಿಯೋ ಮುಂಚೆ ತಟ್ಟಬಹುದು ಅಂತ ಅವರಿಗೆ ಗೊತ್ತಿಲ್ಲ. ಇಬ್ಬರು ಕೈ ಎತ್ತಿ, ಅಕ್ಕಪಕ್ಕ ನೋಡಿ, ಮತ್ತೆ ಇಳಿಸಿಕೊಂಡದ್ದನ್ನು ನಾನೇ ನೋಡಿದೆ. ಚಿಕ್ಕಂದಿನಿಂದ ಸ್ಕೂಲಿನಲ್ಲಿ ಮೇಷ್ಟ್ರು ಹೇಳಿದ ಮೇಲೇ ತಟ್ಟಿ ಅಭ್ಯಾಸ ನಮಗೆ. ಹಿಂದೆ ಹೀಗಿರಲಿಲ್ಲವಂತೆ. ಗುಬ್ಬಿ ವೀರಣ್ಣನವರ ಕಂಪನಿ ನಾಟಕಕ್ಕೆ ನಿನ್ನ ತಾತ ನಡೆದುಕೊಂಡೇ ಹೋಗ್ತಿದ್ರು. ಹಾಡು ಮುಗಿದರೆ "ಒನ್ಸ್ ಮೋರ್" ಅಂತ ಕೂಗಾಟ. ಸತ್ತು ಬಿದ್ದ ಪಾತ್ರ ಎದ್ದು, ಇನ್ನೊಂದು ಸಲ ಹಾಡಿ, ಮತ್ತೆ ಸತ್ತದ್ದೂ ಉಂಟು ಅಂತ ತಾತ ಹೇಳಿ ಹೇಳಿ ನಗೋರು. ಬಾಯಿ ಬಿಡದ ಜನ ಅಲ್ಲ ಇವರು. ಒಂದು ಸಲ ನೀನೇ ಪಿಯಾನೋ ಹುಡುಗನ ಸೋಲೋ ಮುಗಿದಾಗ ಎರಡು ಕೈ ತಟ್ಟಿ ತೋರಿಸಿದ್ದರೆ ಸಾಕಿತ್ತು.

ಕುಣಿದ ಆ ಪುಟ್ಟಿಯನ್ನು ನೋಡಿದೆಯಾ? ನಾಲ್ಕೈದು ವರ್ಷ ಇರಬಹುದು. ಹಸಿರು ಲಂಗ. ಕುರ್ಚಿಗಳ ನಡುವಿನ ದಾರಿಗೆ ಓಡಿ ಬಂದು ತನ್ನ ಪಾಡಿಗೆ ತಿರುಗ್ತಿತ್ತು. ಅವರಮ್ಮ ಮರ್ಯಾದೆಗೆ ಅಂಜಿ ಕೈ ಹಿಡಿದು ಎಳೆದುಕೊಂಡು ಹೋದಳು. ನಾನು ಬಿಡಮ್ಮ ಅನ್ನಬೇಕಿತ್ತು, ಅನ್ನಲಿಲ್ಲ. 1956ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾಝ್ ಹಬ್ಬದಲ್ಲಿ ಎಲಿಂಗ್‌ಟನ್ ತಂಡ ಮೇಲೆ ಬರೋ ಹೊತ್ತಿಗೆ ರಾತ್ರಿಯಾಗಿ ಜನ ಎದ್ದು ಹೋಗ್ತಿದ್ರಂತೆ. ಪಾಲ್ ಗೊನ್ಸಾಲ್ವಿಸ್ ಸ್ಯಾಕ್ಸಫೋನಿನಲ್ಲಿ ಬ್ಲೂಸನ್ನು 27 ಸುತ್ತು ನುಡಿಸಿದ. ನಡುವೆ ಒಬ್ಬಳು ಹೆಂಗಸು ಎದ್ದು ಕುಣಿದಳು. ಅವಳನ್ನು ನೋಡಿ ಉಳಿದವರು ಎದ್ದರು, ಹೊರಟವರು ನಿಂತರು. ಅವಳನ್ನೂ ಯಾರಾದರೂ ಕೈ ಹಿಡಿದು ಎಳೆದು ಕೂರಿಸಿದ್ದರೆ? ಮುಂದಿನ ಸಲ ಮಕ್ಕಳಿಗೆ ಅಂತ ಮುಂದೆ ಜಮಖಾನ ಹಾಸಿಸು. ಹಾರದವರು ಎರಡನೇ ಸಾಲಿಗೆ ಹೋಗಲಿ.

ಎಲ್ಲರಿಗೂ ಇಷ್ಟ ಆಯ್ತು ಅಂತ ಸುಳ್ಳು ಹೇಳಲ್ಲ. ನಮ್ಮ ಮಂಡಿ ಹಳೇ ಸ್ನೇಹಿತನೊಬ್ಬ, "ಪೀಪಿ ಊದೋಕೆ ಹುಡುಗೀನ ಬೆಂಗಳೂರಿಗೆ ಕಳಿಸ್ಬೇಕಾ?" ಅಂದ. ಐದನೇ ಹಾಡು ನನಗೂ ತಲೆಗೆ ಹೋಗಲಿಲ್ಲ. ಕೆಲವರು ಎದ್ದು ಹೋದವರು ಬೇಸರಕ್ಕೇ ಎದ್ದು ಹೋದ್ರು. ಹೋಗ್ಲಿ ಬಿಡು. ಎದ್ದು ಹೋಗೋದೂ ಟಿಕೆಟ್ಟಿನ ಜೊತೆ ಬಂದ ಹಕ್ಕು, ನಿನ್ನದಕ್ಕೆ ಟಿಕೆಟ್ಟೂ ಇರಲಿಲ್ಲ.

ಆದರೆ ಮುಂದಿನ ಸಾಲಿನ ಆ ಬಿಳಿ ಪಂಚೆಯ ಯಜಮಾನರ ಮೇಲೆ ನೀನು ಸಿಟ್ಟಾಗಿದ್ದೀಯಲ್ಲ, ನಿಧಾನದ ಹಾಡಿನ ನಡುವೆ, ಫೋನಿನ ಗಲಾಟೆ ಮುಗಿದ ಮೇಲೆ, ಕೊಡೆ ತಗೊಂಡು ಎದ್ದು ಹೋದ್ರು ಅಂತ. ಅವರು ಹಾರದವರ ಪೈಕಿ ಅಲ್ಲ. ಕಿವಿ ಸ್ವಲ್ಪ ಮಂದ, ಅದಕ್ಕೇ ಮುಂದೆ ಜಾಗ ಕೇಳಿ ಕೂತಿದ್ರು. ಚೇಳೂರು ಕಡೆಯವರು. ಐವತ್ತು ವರ್ಷ ನಾಗಸ್ವರ ಊದಿದವರು, ನಾವಿಬ್ಬರೂ ಎಷ್ಟೋ ಮದುವೆಗಳಲ್ಲಿ ಎದುರುಬದುರಾಗಿದ್ದೀವಿ. ಚಪ್ಪರದೊಳಗೆ ಅವರ ವಾಲಗ, ರಸ್ತೆಯಲ್ಲಿ ನಮ್ಮ ಬ್ಯಾಂಡು. ಆಗೆಲ್ಲ ನಮ್ಮನ್ನು ಕಂಡರೆ ಅವರಿಗೆ ಅಷ್ಟಕ್ಕಷ್ಟೇ. ಬರ್ತಾರೆ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಬಾಗಿಲ ಹತ್ತಿರ ಎದ್ದು ಹೋಗಿ ಮಾತಾಡಿಸಿದೆ. ಚೇಳೂರಿನ ಕೊನೆ ಬಸ್ಸಿಗೆ ಹೊತ್ತಾಯ್ತು ಅಂದ್ರು. ಆದರೂ ಹೊಸ್ತಿಲಲ್ಲೇ ಎರಡು ನಿಮಿಷ ನಿಂತರು, ಒಂದು ಕಾಲು ಆಚೆ, ಒಂದು ಕಾಲು ಈಚೆ. ಕೊಡೆಯ ಹಿಡಿ ಮೇಲೆ ಅವರ ಬೆರಳುಗಳು ಆಡ್ತಿದ್ದವು. ತೂತು ಮುಚ್ಚಿ ಬಿಡೋ ಬೆರಳು. ನೀನು ಮೇಲಿನಿಂದ ಜಾರಿಕೊಂಡು ಇಳಿದ ಒಂದು ಕಡೆ ಅವರ ಬೆರಳೂ ಜಾರಿತು. "ಹುಡುಗಿ ಉಸಿರು ಎಲ್ಲಿ ತಗೋತಾಳೆ ಅಂತ ನೋಡ್ತಿದ್ದೆ, ಸಿಕ್ಕಲಿಲ್ಲ" ಅಂದು ಹೊರಟುಹೋದ್ರು.

ಇವತ್ತು ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಹೋಗಿದ್ದೆ. ಅವರೂ ಅಲ್ಲೇ ಇದ್ರು, ಮೊಮ್ಮಗನ ಜೊತೆ ಮಠಕ್ಕೆ ಹೊರಟಿದ್ರಂತೆ. ಕ್ಷೇಮ ಸಮಾಚಾರ ಏನೂ ಕೇಳಲಿಲ್ಲ. ಇಡ್ಲಿ ತಟ್ಟೆ ಪಕ್ಕಕ್ಕೆ ಸರಿಸಿ, ಕಿವಿ ನನ್ನ ಕಡೆ ಬಾಗಿಸಿ ಕೇಳಿದ್ದು ಒಂದೇ: "ಆ ಹುಡುಗಿ ಕೊನೆಗೆ ಪಲ್ಲವಿಗೆ ಬಂದ್ಲಾ?"

ಬಂದಳು ಅಂದೆ. ಎಲ್ಲಿಂದ ಹಿಡಿದಳು ಅಂತ ಕೇಳಿದ್ರು. ಪೂರ್ತಿ ಅಲ್ಲ, ಕೊನೆಯ ಎಂಟು ಬಾರ್‌ಗಳಿಗೆ ಮಾತ್ರ ಬಂದಳು ಅಂತ ಹೇಳೋಕೆ ನೋಡಿದೆ, ನನ್ನ ಬಾಯಲ್ಲಿ ಅದು ಸರಿಯಾಗಿ ಬರಲಿಲ್ಲ. ಗುನುಗಿ ತೋರಿಸಿದೆ, ಅವರಿಗೆ ಕೇಳಿಸಲಿಲ್ಲ. ನೀನೇ ಬಂದು ನುಡಿಸಿ ತೋರಿಸಬೇಕು. ಮುಂದಿನ ತಿಂಗಳು ಆ ಹಾಲು ಎರಡನೇ ಭಾನುವಾರ ಖಾಲಿ ಇದೆಯಂತೆ, ವಿಚಾರಿಸಿದ್ದೀನಿ. ಐದೂವರೆಗೆ ಅಂದ್ರೆ ಐದೂವರೆಗೇ ಶುರು ಮಾಡು, ಚೇಳೂರಿನ ಬಸ್ಸು ನಿನಗೋಸ್ಕರ ಕಾಯಲ್ಲ.

ಬರುವಾಗ ನನಗೊಂದು ವಾಲ್ವ್ ಆಯಿಲ್ ಬಾಟಲಿ ತಗೊಂಡು ಬಾ. ದೊಡ್ಡಮ್ಮ ಚಟ್ನಿಪುಡಿ ಮಾಡಿ ಇಟ್ಟಿದ್ದಾಳೆ.

ನಿನ್ನ ದೊಡ್ಡಪ್ಪ